ಅಡುಗೆಮನೆಯ ಮುಸುರೆಯಿಂದ ವಿಮಾನದ ಇಂಧನದವರೆಗೆ

ಅನ್ನವಿಲ್ಲದೆ ಮಾನವನು ಬದುಕಲಾರನು. ಅಗ್ನಿಯಿಲ್ಲದೆ ಅನ್ನವು ಸಿದ್ಧವಾಗಲಾರದು. ಆದುದರಿಂದಲೇ ಇಂಧನದ ಪ್ರಶ್ನೆಯು ಕೇವಲ ಅರ್ಥಶಾಸ್ತ್ರಜ್ಞರ ಅಥವಾ ಯಂತ್ರಶಿಲ್ಪಿಗಳ ಪ್ರಶ್ನೆಯಲ್ಲ. ಅದು ಪ್ರತಿಯೊಂದು ಸಂಸಾರದ ಆರೋಗ್ಯಕ್ಕೂ ಸಂಬಂಧಿಸಿದ ಪ್ರಶ್ನೆಯಾಗಿದೆ. ನಾವು ಏನನ್ನು ಉಣ್ಣುತ್ತೇವೆ ಎಂಬುದನ್ನು ವೈದ್ಯರು ವಿಚಾರಿಸುತ್ತಾರೆ. ಆ ಊಟವನ್ನು ಯಾವ ಉರಿಯಲ್ಲಿ ಬೇಯಿಸಿದೆವು, ಆ ಉರಿಯ ಹೊಗೆಯು ಯಾರ ಶ್ವಾಸಕೋಶವನ್ನು ಸೇರಿತು ಎಂಬುದನ್ನು ವಿಚಾರಿಸುವವರು ವಿರಳ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ನೆಯ ಇಸವಿಯೊಂದರಲ್ಲಿಯೇ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮನೆಯೊಳಗಿನ ಹೊಗೆಯಿಂದುಂಟಾದ ವ್ಯಾಧಿಗಳಿಗೆ ಬಲಿಯಾದರು. ಅವರಲ್ಲಿ 2 ಲಕ್ಷಕ್ಕೂ ಮಿಕ್ಕಿದವರು ಐದು ವರ್ಷ ತುಂಬದ ಶಿಶುಗಳು. ಸೌದೆ, ಬೆರಣಿ, ಹೊಟ್ಟು ಮೊದಲಾದವುಗಳು ಅರೆಬರೆಯಾಗಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಮಸಿಕಣಗಳೂ ಹೊರಡುತ್ತವೆ. ಈ ಕಣಗಳು ಮೂಗಿನ ಕೂದಲುಗಳಿಗೂ ಗಂಟಲಿನ ಕಫಕ್ಕೂ ಸಿಕ್ಕದೆ ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ತಲುಪುತ್ತವೆ. ನ್ಯುಮೋನಿಯ, ದೀರ್ಘಕಾಲದ ಕೆಮ್ಮು ಮತ್ತು ಉಬ್ಬಸ, ಹೃದ್ರೋಗ, ಪಾರ್ಶ್ವವಾಯು, ಕಣ್ಣಿನ ಪೊರೆ ಇವೆಲ್ಲವುಗಳಿಗೂ ಈ ಹೊಗೆಯೊಡನೆ ಸಂಬಂಧವಿರುವುದನ್ನು ಸಂಶೋಧಕರು ತೋರಿಸಿದ್ದಾರೆ.

ಮತ್ತೊಂದು ಕಡೆ, ಪೆಟ್ರೋಲ್, ಡೀಸೆಲ್, ಕಲ್ಲಿದ್ದಲುಗಳು ಭೂಗರ್ಭದಲ್ಲಿ ಕೋಟ್ಯಂತರ ವರ್ಷಗಳ ಕಾಲ ಹುದುಗಿದ್ದ ಇಂಗಾಲವನ್ನು ಕೆಲವೇ ದಶಕಗಳಲ್ಲಿ ವಾಯುಮಂಡಲಕ್ಕೆ ಸುರಿಯುತ್ತಿವೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಯಂತ್ರಯುಗದ ಆರಂಭಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗದಷ್ಟಿದ್ದ ಈ ಅನಿಲವು ಇಂದು 420 ಭಾಗಗಳನ್ನು ಮೀರಿದೆ. ಭೂಮಿಯ ಜ್ವರವೇರಲು ಇದೇ ಮುಖ್ಯ ಕಾರಣ.

ಹಾಗಾದರೆ ಹೊಗೆಯೂ ಇಲ್ಲದ, ಭೂಮಿಯ ತಾಪವನ್ನೂ ಏರಿಸದ ಇಂಧನವು ಸಾಧ್ಯವೆ? ಸಾಧ್ಯವಾದರೂ ಅದು ಕೋಟಿ ಕೋಟಿ ಜನರಿಗೆ ಸಾಲುವಷ್ಟು ದೊರೆತೀತೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಅರಸುವವರು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಮುಳಾ ಮುಠಾ ನದಿಗಳ ದಡದ ಪುಣೆ ನಗರದಲ್ಲಿಯೇ ಕಳೆದ ಕೆಲವು ದಶಕಗಳಿಂದ ಈ ದಿಸೆಯಲ್ಲಿ ನಡೆದಿರುವ ಕಾರ್ಯವು ಗಮನಾರ್ಹವಾದುದು.

ಸಾಲ ತೀರಿಸುವ ಇಂಗಾಲ

ಮೊದಲಿಗೆ ಮೂಲತತ್ತ್ವವನ್ನು ತಿಳಿಯೋಣ. ಸಸ್ಯವು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ, ಸೂರ್ಯನ ಬೆಳಕಿನ ನೆರವಿನಿಂದ ಸಕ್ಕರೆ, ಪಿಷ್ಟ, ನಾರುಗಳನ್ನು ನಿರ್ಮಿಸಿಕೊಳ್ಳುತ್ತದೆ. ಆ ಸಸ್ಯದಿಂದ ಪಡೆದ ಇಂಧನವನ್ನು ಉರಿಸಿದಾಗ ಅದೇ ಇಂಗಾಲವು ಪುನಃ ಗಾಳಿಗೆ ಮರಳುತ್ತದೆ. ಈ ವರ್ಷ ಪಡೆದ ಸಾಲವನ್ನು ಈ ವರ್ಷವೇ ತೀರಿಸಿದಂತೆ! ಪೆಟ್ರೋಲಿನ ಸಂಗತಿಯಾದರೋ, ಭೂಮಿಯು ಯುಗಯುಗಗಳಿಂದ ಕೂಡಿಟ್ಟ ಇಡುಗಂಟನ್ನು ಒಡೆದು ಖರ್ಚುಮಾಡಿದಂತೆ. ಇದೇ ಸಸ್ಯಜನ್ಯ ಇಂಧನದ ವೈಶಿಷ್ಟ್ಯ.

ಆದರೆ ಒಂದು ಎಚ್ಚರಿಕೆಯು ಅವಶ್ಯಕ. ಇಂಧನದ ಬೆಳೆಗಾಗಿ ಬಳಸಿದ ಗೊಬ್ಬರ, ನೀರೆತ್ತುವ ವಿದ್ಯುತ್ತು, ಸಾಗಾಣಿಕೆಯ ಲಾರಿಗಳ ಡೀಸೆಲ್ ಇವೆಲ್ಲವನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಲೇಬೇಕು. ಉಣ್ಣುವ ಧಾನ್ಯವನ್ನೇ ಇಂಧನ ಮಾಡಿದರೆ ಬಡವನ ತಟ್ಟೆಗೆ ಕೈ ಹಾಕಿದಂತಾಗುತ್ತದೆ. ಆದುದರಿಂದ ವಿಜ್ಞಾನಿಗಳ ದೃಷ್ಟಿಯು ಬೆಳೆಯಿಂದ ಕಸದ ಕಡೆಗೆ, ಅಂದರೆ ಉಂಡುಳಿದುದರ, ಬೆಳೆದುಳಿದುದರ ಕಡೆಗೆ ತಿರುಗಿದೆ.

ಸಗಣಿಯ ಅನಿಲ: ಹಳೆಯ ವಿದ್ಯೆ

ಕೊಳೆತ ಪದಾರ್ಥದಿಂದ ಉರಿಯುವ ಅನಿಲವು ಹುಟ್ಟುತ್ತದೆಂಬುದು ಹೊಸ ಸಂಗತಿಯಲ್ಲ. ಮುಂಬಯಿಯ ಮಾತುಂಗಾದ ಕುಷ್ಠಧಾಮದಲ್ಲಿ 1897ರಷ್ಟು ಹಿಂದೆಯೇ ಮಲದಿಂದ ಅನಿಲವನ್ನು ಪಡೆದು ದೀಪವನ್ನುರಿಸಲಾಗಿತ್ತು. ಸ್ವಾತಂತ್ರ್ಯಾನಂತರ ಜಶಭಾಯಿ ಪಟೇಲರು ತೇಲುವ ಡೋಲಿನ ಮಾದರಿಯ ಗೋಬರ್ ಅನಿಲ ಸ್ಥಾವರವನ್ನು ರೂಪಿಸಿದರು. ಖಾದಿ ಗ್ರಾಮೋದ್ಯೋಗ ಆಯೋಗವು ಅದನ್ನು ಹಳ್ಳಿಹಳ್ಳಿಗೆ ಒಯ್ದಿತು.

ಸಗಣಿಯ ಅನಿಲದಲ್ಲಿ ನೂರಕ್ಕೆ ಸುಮಾರು 60 ಭಾಗ ಮೀಥೇನ್, ಉಳಿದುದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್ ಇರುತ್ತವೆ. ನೀಲಿ ಜ್ವಾಲೆಯಿಂದ ಉರಿಯುವ ಈ ಅನಿಲವು ಪಾತ್ರೆಗೆ ಮಸಿ ಹಿಡಿಸುವುದಿಲ್ಲ. ಕಣ್ಣಲ್ಲಿ ನೀರು ತರಿಸುವುದಿಲ್ಲ. ಉಳಿದ ಬಗ್ಗಡವು ಹೊಲಕ್ಕೆ ಉತ್ತಮ ಗೊಬ್ಬರ.

ಇಷ್ಟೆಲ್ಲ ಗುಣಗಳಿದ್ದರೂ ಈ ವಿದ್ಯೆಯು ಮನೆಮನೆಯನ್ನು ಏಕೆ ತಲುಪಲಿಲ್ಲ? ಒಂದು ಘನಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು. ಆ ಅನಿಲವಾದರೋ ಅರ್ಧ ಕಿಲೋಗಿಂತ ತುಸು ಕಡಿಮೆ ಸಿಲಿಂಡರ್ ಅನಿಲಕ್ಕೆ ಸಮ. ಹೀಗಾಗಿ ನಾಲ್ಕಾರು ದನಗಳಿದ್ದ ರೈತನಿಗೆ ಮಾತ್ರ ಅದು ಎಟುಕಿತು. ಕರ್ನಾಟಕದ ಅನುಭವವೂ ಇದನ್ನೇ ಹೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಎಂಬ ವಿಭಾಗವು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರೊಟ್ಟಿನ ಅನಿಲ ಸ್ಥಾವರವನ್ನು ಕಟ್ಟಿತು. ಊರಿನ ದನಗಳ ಸಗಣಿಯೆಲ್ಲ ಸೇರಿದರೂ ಎಲ್ಲ ಒಲೆಗಳಿಗೂ ಅನಿಲವು ಸಾಲದಾಯಿತು. ಆಗ ಊರವರ ಇಚ್ಛೆಯಂತೆ ಅದೇ ಅನಿಲದಿಂದ ಎಂಜಿನನ್ನು ನಡೆಸಿ 1987ರಿಂದ ಕುಡಿಯುವ ನೀರನ್ನೂ ದೀಪಗಳ ವಿದ್ಯುತ್ತನ್ನೂ ಒದಗಿಸಲಾಯಿತು. ಯೋಜನೆಯು ಈ ಮಾರ್ಗದಲ್ಲಿ ಸಫಲವಾಯಿತು; ಆದರೆ 'ಸಗಣಿ ಸಾಲದು' ಎಂಬ ಮೂಲಪ್ರಶ್ನೆಯು ಹಾಗೆಯೇ ಉಳಿಯಿತು.

ಡಾ. ಆನಂದ ಕರ್ವೆಯವರ ಯುಕ್ತಿ

ಈ ಪ್ರಶ್ನೆಗೆ ಪುಣೆಯ ಸಸ್ಯವಿಜ್ಞಾನಿ ಡಾ. ಆನಂದ ಕರ್ವೆಯವರು ನೀಡಿದ ಉತ್ತರವು ಅತ್ಯಂತ ಸರಳವಾದುದು. ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಮೊಮ್ಮಗನೂ, ಸಮಾಜವಿಜ್ಞಾನಿ ಇರಾವತಿ ಕರ್ವೆಯವರ ಪುತ್ರನೂ ಆದ ಅವರು 1996ರಲ್ಲಿ ಪುಣೆಯಲ್ಲಿ ಗ್ರಾಮೀಣ ಜನರಿಗೆ ಒಗ್ಗುವ ತಂತ್ರಗಳ ಸಂಶೋಧನೆಗಾಗಿ 'ಆರತಿ' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಅನಿಲವನ್ನುತ್ಪಾದಿಸುವ ಸೂಕ್ಷ್ಮಾಣುಜೀವಿಗಳು ಎಲ್ಲಿಂದ ಬಂದವು? ದನದ ಹೊಟ್ಟೆಯಿಂದ. ಹೊಟ್ಟೆಯೊಳಗಿರುವಾಗ ಅವು ತಿನ್ನುತ್ತಿದ್ದುದೇನು? ದನವು ಮೇಯ್ದ ಮೇವನ್ನು. ಸಗಣಿಯೆಂದರೆ ಆ ಮೇವಿನ ಸತ್ತ್ವವನ್ನೆಲ್ಲ ದನವೂ ಸೂಕ್ಷ್ಮಾಣುಗಳೂ ಹೀರಿಕೊಂಡ ಮೇಲೆ ಉಳಿದ ಜೊಂಡು. ಅಂಥ ನಿಸ್ಸಾರ ವಸ್ತುವನ್ನು ಪುನಃ ಅವುಗಳಿಗೇ ಉಣಬಡಿಸಿದರೆ ಅನಿಲವು ಹೇಗೆ ಹೆಚ್ಚೀತು? ಸಗಣಿಯಿಂದ ಸೂಕ್ಷ್ಮಾಣುಗಳನ್ನು ಮಾತ್ರ ಪಡೆದು, ಅವುಗಳಿಗೆ ಪಿಷ್ಟ, ಸಕ್ಕರೆ, ಹಿಂಡಿಗಳಂಥ ಸತ್ತ್ವವುಳ್ಳ ಆಹಾರವನ್ನು ಕೊಡಬೇಕು. ಇದೇ ಕರ್ವೆಯವರ ಯುಕ್ತಿ.

ರಸಾಯನಶಾಸ್ತ್ರದ ಲೆಕ್ಕವೂ ಇದನ್ನು ಸಮರ್ಥಿಸುತ್ತದೆ. ಒಂದು ಕಿಲೋ ಒಣ ಪಿಷ್ಟವು ಪೂರ್ಣವಾಗಿ ಜೀರ್ಣವಾದರೆ ಸುಮಾರು 0.8 ಘನಮೀಟರ್ ಅನಿಲವು ಹುಟ್ಟಬಲ್ಲುದು. ಸಗಣಿಯಿಂದಾದರೆ ಅಷ್ಟೇ ಅನಿಲಕ್ಕೆ 20 ಕಿಲೋ ಬೇಕು. ಸಗಣಿಯು ಕರಗಲು ಸುಮಾರು 40 ದಿನಗಳು ಹಿಡಿದರೆ, ಪಿಷ್ಟವು ಒಂದೆರಡು ದಿನಗಳಲ್ಲಿಯೇ ಅನಿಲವಾಗುತ್ತದೆ. ಆದುದರಿಂದ ತೊಟ್ಟಿಯೂ ಚಿಕ್ಕದಾದರೆ ಸಾಕು. ಮನೆಯ ಮೇಲೆ ನೀರಿಗಾಗಿ ಇಡುವ ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ಒಂದನ್ನು ಮೇಲೆ ತೆರೆದು, ಅದರೊಳಗೆ ತುಸು ಚಿಕ್ಕದಾದ ಇನ್ನೊಂದನ್ನು ಬೋರಲಾಗಿ ಕೂರಿಸಿದರೆ ಸ್ಥಾವರವು ಸಿದ್ಧ. ಒಳಗೆ ಅನಿಲವು ತುಂಬಿದಂತೆ ಮೇಲಿನ ಟ್ಯಾಂಕು ಏರುತ್ತದೆ, ಉರಿಸಿದಂತೆ ಇಳಿಯುತ್ತದೆ. ಈ ಸಾಧನಕ್ಕಾಗಿ ಸಂಸ್ಥೆಗೆ 2006ರಲ್ಲಿ ಲಂಡನ್ನಿನ ಆಶ್ಡೆನ್ ಪ್ರಶಸ್ತಿಯು ದೊರೆಯಿತು. ಅದಕ್ಕೂ ಮುನ್ನ 2002ರಲ್ಲಿ, ಹೊಲದಲ್ಲಿಯೇ ಸುಟ್ಟು ಹಾಕುತ್ತಿದ್ದ ಕಬ್ಬಿನ ರವದಿಯಿಂದ ಇದ್ದಿಲನ್ನು ತಯಾರಿಸುವ ವಿಧಾನಕ್ಕಾಗಿ ಅದೇ ಪ್ರಶಸ್ತಿಯು ಲಭಿಸಿತ್ತು.

ಪುಟ್ಟ ಸಂಸಾರಕ್ಕೆ ಇದರಿಂದ ಎಷ್ಟು ಪ್ರಯೋಜನ? ಬೇಯಿಸಿದ ಅನ್ನದಲ್ಲಿ ಮೂರರಲ್ಲಿ ಎರಡು ಪಾಲು ನೀರೇ. ಆದುದರಿಂದ ಒಂದು ಕಿಲೋ ಹಳಸಿದ ಅನ್ನದಿಂದ ಹೆಚ್ಚೆಂದರೆ ಕಾಲು ಘನಮೀಟರ್ ಅನಿಲ, ಅಂದರೆ ಸುಮಾರು ನೂರು ಗ್ರಾಂ ಸಿಲಿಂಡರ್ ಅನಿಲಕ್ಕೆ ಸಮನಾದುದು ದೊರೆತೀತು. ತರಕಾರಿ ಸಿಪ್ಪೆಯಿಂದ ಇನ್ನೂ ಕಡಿಮೆ. ನಾಲ್ವರ ಮನೆಯಲ್ಲಿ ಬೆಳಗಿನ ಹಾಲು ಕಾಯಿಸಿ ಕಾಫಿ ಮಾಡಿಕೊಳ್ಳುವಷ್ಟು ಲಾಭವೇ ಸರಿ. ಸಿಲಿಂಡರನ್ನು ಪೂರ್ಣವಾಗಿ ತ್ಯಜಿಸಲಾಗದು. ಆದರೆ ವಿದ್ಯಾರ್ಥಿನಿಲಯ, ಕಲ್ಯಾಣಮಂಟಪ, ದೇವಾಲಯದ ದಾಸೋಹ, ಉಡುಪಿ ಹೋಟೆಲು, ದೊಡ್ಡ ವಸತಿ ಸಮುಚ್ಚಯಗಳಲ್ಲಿ ದಿನಂಪ್ರತಿ ಕ್ವಿಂಟಲುಗಟ್ಟಲೆ ಮುಸುರೆಯು ಹೊರಬೀಳುವುದರಿಂದ ಅಲ್ಲಿ ಇದರ ಪ್ರಯೋಜನವು ನಿಜವಾಗಿಯೂ ದೊಡ್ಡದು.

ಸ್ಥಾವರಕ್ಕೂ ಅಜೀರ್ಣ!

ಅನಿಲದ ತೊಟ್ಟಿಯನ್ನು ಒಂದು ಜಠರವೆಂದೇ ಭಾವಿಸಿದರೆ ಅದರ ಪಾಲನೆಯು ಸುಲಭವಾಗಿ ಅರ್ಥವಾಗುತ್ತದೆ. ಅತಿಯಾಗಿ ಉಂಡವನಿಗೆ ಹುಳಿತೇಗು ಬರುವಂತೆ, ತೊಟ್ಟಿಗೆ ಒಮ್ಮೆಲೇ ಹೆಚ್ಚು ಮುಸುರೆಯನ್ನು ಸುರಿದರೆ ಆಮ್ಲವು ಹೆಚ್ಚಿ ಮೀಥೇನ್ ತಯಾರಿಸುವ ಸೂಕ್ಷ್ಮಾಣುಗಳು ಸೊರಗುತ್ತವೆ. ಅನಿಲವು ನಿಂತುಹೋಗಿ ದುರ್ನಾತವು ಹೊರಡುತ್ತದೆ. ಆಗ ಮಾಡಬೇಕಾದ ಚಿಕಿತ್ಸೆಯೂ ಮನುಷ್ಯನಿಗೆ ಮಾಡುವಂಥದೇ: ಕೆಲವು ದಿನ ಲಂಘನ, ಬಳಿಕ ಸ್ವಲ್ಪಸ್ವಲ್ಪವಾಗಿ ಆಹಾರ. ಚೆನ್ನಾಗಿ ಅರೆದ ಅಥವಾ ಸಣ್ಣಗೆ ಹೆಚ್ಚಿದ ಪದಾರ್ಥವು ಬೇಗ ಜೀರ್ಣವಾಗುತ್ತದೆ. ಮೂಳೆ, ಮೊಟ್ಟೆಯ ಚಿಪ್ಪು, ತೆಂಗಿನ ನಾರುಗಳು ಜೀರ್ಣವಾಗಲಾರವು. ಈ ಸೂಕ್ಷ್ಮಾಣುಗಳಿಗೆ 30ರಿಂದ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯು ಹಿತಕರ. ಪುಣೆಯ ಡಿಸೆಂಬರ್, ಜನವರಿ ತಿಂಗಳ ಚಳಿಯಲ್ಲಿ ಅವುಗಳ ಅಗ್ನಿಯು ಮಂದವಾಗುವುದು ಸಹಜ.

ಆರೋಗ್ಯದ ದೃಷ್ಟಿಯಿಂದ ಇನ್ನೆರಡು ಸಂಗತಿಗಳನ್ನು ಮರೆಯಲಾಗದು. ಎರಡು ಟ್ಯಾಂಕುಗಳ ನಡುವಿನ ಸಂದಿಯ ನೀರಿನಲ್ಲಿ ಸೊಳ್ಳೆಯು ಮೊಟ್ಟೆಯಿಡಬಹುದು. ಅದಕ್ಕೆ ಸಣ್ಣ ಕಣ್ಣಿನ ಬಲೆಯನ್ನು ಹೊದಿಸಬೇಕು. ಎರಡನೆಯದಾಗಿ, ಈ ಅನಿಲದಲ್ಲಿ ಅಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯನ್ನು ಬೀರುತ್ತದೆ. ಅದು ಹೆಚ್ಚಾದಾಗ ಮೂಗಿನ ಘ್ರಾಣಶಕ್ತಿಯೇ ಕುಂದಿ ವಾಸನೆಯು ತಿಳಿಯದಂತಾಗುವುದು. ಆದುದರಿಂದ ದೊಡ್ಡ ತೊಟ್ಟಿ ಅಥವಾ ಗುಂಡಿಯೊಳಗೆ ಯಾರೂ ಇಳಿಯಬಾರದು. ಇಳಿದವನು ಕುಸಿದರೆ ರಕ್ಷಿಸಲೆಂದು ಮತ್ತೊಬ್ಬನು ಹಿಂದೆಯೇ ಧುಮುಕಬಾರದು. ಹೀಗೆ ಒಬ್ಬರ ಹಿಂದೊಬ್ಬರಂತೆ ಪ್ರಾಣ ಕಳೆದುಕೊಂಡ ದುರ್ಘಟನೆಗಳು ನಮ್ಮ ದೇಶದಲ್ಲಿ ಅನೇಕ.

ಮನೆಯಿಂದ ನಗರಕ್ಕೆ

ಮನೆಯ ಅಳತೆಯಲ್ಲಿ ಸಿದ್ಧಿಸಿದ ವಿದ್ಯೆಯನ್ನು ನಗರದ ಅಳತೆಗೆ ಏರಿಸುವುದು ಬೇರೊಂದೇ ಸಾಹಸ. ಪುಣೆಯ ಕಸವನ್ನು ಬಹುಕಾಲ ಹೊರವಲಯದ ಉರುಳಿ ದೇವಾಚಿ, ಫುರಸುಂಗಿ ಗ್ರಾಮಗಳ ಬಳಿ ಒಟ್ಟಲಾಗುತ್ತಿತ್ತು. ಬಾವಿಗಳ ನೀರು ಕೆಟ್ಟಿತೆಂದೂ, ದುರ್ವಾಸನೆಯಿಂದ ಬದುಕು ಅಸಹನೀಯವಾಯಿತೆಂದೂ ಆ ಗ್ರಾಮಸ್ಥರು ವರ್ಷಗಟ್ಟಲೆ ಚಳವಳಿ ಹೂಡಿದರು. ಹಸಿ ಕಸವು ಗಾಳಿಯಾಡದ ರಾಶಿಯಲ್ಲಿ ಕೊಳೆತಾಗ ಅದೇ ಮೀಥೇನ್ ಹುಟ್ಟುತ್ತದೆ. ಆದರೆ ಒಲೆಗೆ ಬರದೆ ಆಕಾಶಕ್ಕೆ ಹೋಗುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಅಧಿಕವಾಗಿ ಭೂಮಿಯನ್ನು ಕಾಯಿಸುತ್ತದೆ. ಹೀಗಾಗಿ ಹಸಿ ಕಸವನ್ನು ಇಂಧನ ಮಾಡುವುದರಿಂದ ಇಮ್ಮಡಿ ಲಾಭ: ಪೆಟ್ರೋಲಿಯಂ ಉಳಿಯುತ್ತದೆ, ಆಕಾಶಕ್ಕೆ ಸೇರುವ ಮೀಥೇನೂ ತಪ್ಪುತ್ತದೆ.

ಇಲ್ಲಿ ಹೊಸ ತಂತ್ರದ ಪಾತ್ರವೇನು? ತೊಟ್ಟಿಯಿಂದ ಬಂದ ಅನಿಲವನ್ನು ತೊಳೆದು ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಮತ್ತು ನೀರಾವಿಗಳನ್ನು ಬೇರ್ಪಡಿಸುತ್ತಾರೆ. ಒತ್ತಡದ ನೀರು, ಹೀರುವ ಪುಡಿಗಳು, ಅತಿಸೂಕ್ಷ್ಮ ರಂಧ್ರಗಳ ಪೊರೆಗಳು ಇದಕ್ಕೆ ಸಾಧನಗಳು. ಮೀಥೇನ್ ನೂರಕ್ಕೆ 90 ಭಾಗವನ್ನು ಮೀರಿದಾಗ ಅದನ್ನು ಒತ್ತಿ ಸಿಲಿಂಡರಿನಲ್ಲಿ ತುಂಬಿದರೆ ಬಸ್ಸು, ರಿಕ್ಷಾಗಳಿಗೆ ಬಳಸುವ ಸಿ.ಎನ್.ಜಿ.ಗೆ ಸಮನಾದ ಇಂಧನವಾಗುತ್ತದೆ. ಇಂಥ ಅನಿಲವನ್ನು ಕೊಳ್ಳಲು ಭಾರತ ಸರಕಾರವು 2018ರ ಅಕ್ಟೋಬರ್ 1ರಂದು 'ಸತತ್' ಎಂಬ ಯೋಜನೆಯನ್ನು ಆರಂಭಿಸಿತು.

ಆದರೆ ಯಂತ್ರವೊಂದೇ ಸಾಲದೆಂಬುದನ್ನೂ ಪುಣೆಯೇ ಕಲಿಸಿತು. ಬಾಣೇರ್ ಬಡಾವಣೆಯ ಸೂಸ್ ರಸ್ತೆಯಲ್ಲಿ ಹೋಟೆಲುಗಳ ಹಾಗೂ ಮನೆಗಳ ಹಸಿ ಕಸವನ್ನು ಅನಿಲೋತ್ಪಾದನೆಗೆ ಸಿದ್ಧಪಡಿಸುವ ಕೇಂದ್ರವೊಂದಿದೆ. ಅದರ ದುರ್ಗಂಧದಿಂದ ಪೀಡಿತರಾದ ನಿವಾಸಿಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೊಕ್ಕರು. ಮಂಡಳಿಯು 2020ರಲ್ಲಿ ಕೇಂದ್ರವನ್ನು ಮುಚ್ಚಲು ಆಜ್ಞಾಪಿಸಿತು. ಪ್ರಕರಣವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 2024ರ ಸೆಪ್ಟೆಂಬರಿನಲ್ಲಿ ಆ ಆಜ್ಞೆಯು ರದ್ದಾಯಿತು. ಕೇಂದ್ರವನ್ನು ಮುಚ್ಚಿದರೆ ಆ ಭಾಗದ ಹಸಿ ಕಸವನ್ನು ನಗರದುದ್ದಕ್ಕೂ ಸಾಗಿಸಬೇಕಾಗುವುದು, ಅದು ಸಾರ್ವಜನಿಕ ಹಿತಕ್ಕೆ ಬಾಧಕವೆಂಬುದು ನ್ಯಾಯಾಲಯದ ಅಭಿಪ್ರಾಯ. ಅದರೊಂದಿಗೇ ದುರ್ಗಂಧವನ್ನು ತಡೆಯುವ ಉಪಾಯಗಳನ್ನೂ, ಸುತ್ತಲೂ ದಟ್ಟವಾಗಿ ಮರಗಳನ್ನು ಬೆಳೆಸುವುದನ್ನೂ ಅದು ವಿಧಿಸಿತು. ನಗರಕ್ಕೆ ಇಂಧನ ಬೇಕು, ಕಸದ ವಿಲೇವಾರಿಯೂ ಬೇಕು. ಆದರೆ ಪಕ್ಕದ ಮನೆಯವನಿಗೆ ಕಿಟಕಿ ತೆರೆದು ಉಸಿರಾಡುವ ಹಕ್ಕೂ ಇದೆ. ಇವೆರಡನ್ನೂ ಉಳಿಸಿಕೊಳ್ಳದ ಯಾವ ಸ್ಥಾವರವೂ ಬಹುಕಾಲ ಬಾಳಲಾರದು.

ಹುಲ್ಲಿನಿಂದ ಮದ್ಯಸಾರ

ಪುಣೆಯ ಸುತ್ತಲಿನ ನಾಡು ಕಬ್ಬಿನ ನಾಡು. ಕೃಷ್ಣಾ ತೀರದಲ್ಲಿ ಮುಂದುವರಿದರೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳದೂ ಅದೇ ಬೆಳೆ. ಸಕ್ಕರೆ ಕಾರಖಾನೆಯ ಕಾಕಂಬಿಗೆ ಯೀಸ್ಟ್ ಬೆರೆಸಿ ಹುದುಗಿಸಿ, ಭಟ್ಟಿಯಿಳಿಸಿದರೆ ಎಥನಾಲ್ ಎಂಬ ಮದ್ಯಸಾರವು ದೊರೆಯುತ್ತದೆ. ಭಾರತದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯವು 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ. 5ರ ಪ್ರಮಾಣದಿಂದ ಆರಂಭವಾಯಿತು. 2022ರ ಮಧ್ಯಭಾಗಕ್ಕೆ ಅದು ಶೇ. 10ನ್ನು ಮುಟ್ಟಿತು. ಶೇ. 20ರ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಮಂತ್ರಿಗಳು ಬಿಡುಗಡೆ ಮಾಡಿದರು. 2025ರಲ್ಲಿ ದೇಶವು ಆ ಗುರಿಯನ್ನು ಸಾಧಿಸಿತು.

ಈ ಸಾಧನೆಯಲ್ಲಿ ಪುಣೆಯ ಪಾಲು ದೊಡ್ಡದು. ಮಾಂಜರಿಯಲ್ಲಿ 1975ರಲ್ಲಿ ಸ್ಥಾಪಿತವಾದ, ಇಂದು ವಸಂತದಾದಾ ಅವರ ಹೆಸರನ್ನು ಹೊತ್ತಿರುವ ಸಕ್ಕರೆ ಸಂಶೋಧನಾ ಸಂಸ್ಥೆಯು ಕಾರಖಾನೆಗಳಿಗೆ ತಂತ್ರಜ್ಞರನ್ನು ತರಬೇತಿಗೊಳಿಸಿತು. ಎಂಬತ್ತರ ದಶಕದಲ್ಲಿ ಪ್ರಮೋದ ಚೌಧರಿಯವರು ಪುಣೆಯಲ್ಲಿ ಆರಂಭಿಸಿದ ಪ್ರಾಜ್ ಇಂಡಸ್ಟ್ರೀಸ್ ಸಂಸ್ಥೆಯು ಮದ್ಯಸಾರದ ಯಂತ್ರಸ್ಥಾವರಗಳನ್ನು ಅನೇಕ ದೇಶಗಳಿಗೆ ಒದಗಿಸಿತು. ಭಾರತೀಯ ವಾಹನ ಸಂಶೋಧನಾ ಸಂಘವು ಪುಣೆಯ ವೇತಾಳ ಗುಡ್ಡದ ಮೇಲಿನ ತನ್ನ ಪ್ರಯೋಗಾಲಯಗಳಲ್ಲಿ ಈ ಮಿಶ್ರಣವನ್ನು ಎಂಜಿನುಗಳಲ್ಲಿ ಪರೀಕ್ಷಿಸಿತು.

ಎಥನಾಲಿನಲ್ಲಿಯೇ ಆಮ್ಲಜನಕವಿರುವುದರಿಂದ ಪೆಟ್ರೋಲ್ ಹೆಚ್ಚು ಪೂರ್ಣವಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಕಡಿಮೆಯಾಗುತ್ತದೆ. ಆದರೆ ಆಲ್ಡಿಹೈಡುಗಳೆಂಬ, ಕಣ್ಣು ಮೂಗುಗಳನ್ನು ಕೆರಳಿಸುವ ಅನಿಲಗಳು ತುಸು ಹೆಚ್ಚುವುದುಂಟು. ಎಥನಾಲಿನ ಶಕ್ತಿಯು ಅಷ್ಟೇ ಅಳತೆಯ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಆದುದರಿಂದ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ. 20ರ ಮಿಶ್ರಣದಿಂದ ಮೈಲೇಜು ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯು ಅಂದಾಜು ಮಾಡಿತು. ಅದೇ ವರದಿಯಂತೆ ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕು! ಬರಗಾಲದ ಬಳಿಕ ಸಕ್ಕರೆಯ ಅಭಾವವನ್ನು ಶಂಕಿಸಿ, 2023ರ ಡಿಸೆಂಬರಿನಲ್ಲಿ ಕಬ್ಬಿನ ರಸದಿಂದ ಎಥನಾಲ್ ತಯಾರಿಸುವುದನ್ನು ಸರಕಾರವು ಕೆಲಕಾಲ ನಿರ್ಬಂಧಿಸಬೇಕಾಯಿತು. ಬೆಳೆಯನ್ನೇ ನೆಚ್ಚಿದ ಇಂಧನದ ಮಿತಿಯು ಇಲ್ಲಿ ಸ್ಪಷ್ಟವಾಗುತ್ತದೆ.

ಆದುದರಿಂದಲೇ ಎರಡನೆಯ ತಲೆಮಾರಿನ ಎಥನಾಲಿಗೆ ಮಹತ್ತ್ವ ಬಂದಿದೆ. ಭತ್ತದ ಹುಲ್ಲು, ಗೋಧಿಯ ಹೊಟ್ಟು, ಹತ್ತಿಯ ಕಡ್ಡಿ, ಕಬ್ಬಿನ ಸಿಪ್ಪೆಗಳಲ್ಲಿಯೂ ಸಕ್ಕರೆಯಿದೆ. ಆದರೆ ಅದು ಸೆಲ್ಯುಲೋಸ್ ಎಂಬ ನಾರಿನ ರೂಪದಲ್ಲಿ ಬಿಗಿಯಾಗಿ ಹೆಣೆದುಕೊಂಡು, ಲಿಗ್ನಿನ್ ಎಂಬ ಗಾರೆಯಿಂದ ಮುಚ್ಚಿಹೋಗಿದೆ. ದನವು ಹುಲ್ಲನ್ನು ಜೀರ್ಣಿಸಿಕೊಳ್ಳಬಲ್ಲುದು, ಮನುಷ್ಯನಾಗಲಿ ಯೀಸ್ಟ್ ಆಗಲಿ ಜೀರ್ಣಿಸಿಕೊಳ್ಳಲಾರದು. ಹೊಸ ತಂತ್ರವು ಈ ಬಿಗಿಯನ್ನು ಮೂರು ಹಂತಗಳಲ್ಲಿ ಬಿಡಿಸುತ್ತದೆ. ಮೊದಲು ಹಬೆ ಮತ್ತು ಸೌಮ್ಯ ಆಮ್ಲದಿಂದ ಹುಲ್ಲನ್ನು ಬೇಯಿಸಿ ಲಿಗ್ನಿನ್ನಿನ ಹಿಡಿತವನ್ನು ಸಡಿಲಿಸುವುದು. ಎರಡನೆಯದಾಗಿ ಕಿಣ್ವಗಳಿಂದ ನಾರನ್ನು ಕತ್ತರಿಸಿ ಸಕ್ಕರೆ ಮಾಡುವುದು. ಮೂರನೆಯದಾಗಿ ಯೀಸ್ಟಿನಿಂದ ಅದನ್ನು ಹುದುಗಿಸುವುದು. ಅಗಿಯುವುದು, ಜೀರ್ಣಿಸುವುದು, ಹುದುಗಿಸುವುದು: ಕರ್ವೆಯವರ ಪುಟ್ಟ ತೊಟ್ಟಿಯ ತತ್ತ್ವವೇ ಇಲ್ಲಿ ದೊಡ್ಡದಾಗಿ ನಿಂತಿದೆ.

ಈ ವಿಧಾನವನ್ನು ಪರೀಕ್ಷಿಸುವ ಪ್ರಾತ್ಯಕ್ಷಿಕೆಯ ಸ್ಥಾವರವೊಂದನ್ನು ಪ್ರಾಜ್ ಸಂಸ್ಥೆಯು ಪುಣೆ ಜಿಲ್ಲೆಯ ದೌಂಡ್ ತಾಲ್ಲೂಕಿನ ರಾಹು ಗ್ರಾಮದಲ್ಲಿ ಕಟ್ಟಿತು. 2017ರ ಮೇ ತಿಂಗಳಲ್ಲಿ ಅದರ ಉದ್ಘಾಟನೆಯಾಯಿತು. ವರ್ಷಕ್ಕೆ 10 ಲಕ್ಷ ಲೀಟರ್ ಅದರ ಸಾಮರ್ಥ್ಯ. ಅಲ್ಲಿಂದ ಮುಂದಿನ ಹೆಜ್ಜೆ ಹರಿಯಾಣದ ಪಾನಿಪತ್ತಿನಲ್ಲಿ. ಇಂಡಿಯನ್ ಆಯಿಲ್ ಸಂಸ್ಥೆಯು ಪುಣೆಯ ಈ ತಂತ್ರವನ್ನು ಬಳಸಿ ಕಟ್ಟಿದ ಸ್ಥಾವರವು 2022ರ ಆಗಸ್ಟ್ 10ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ತಯಾರಿಸುವುದು ಅದರ ಉದ್ದೇಶ. ಪಂಜಾಬು, ಹರಿಯಾಣಗಳಲ್ಲಿ ಅಂಥ ಹುಲ್ಲನ್ನು ಸುಟ್ಟ ಹೊಗೆಯೇ ಪ್ರತಿ ವರ್ಷ ಕಾರ್ತಿಕ ಮಾಸದ ಸುಮಾರಿಗೆ ದಿಲ್ಲಿಯವರ ಉಸಿರನ್ನು ಕಟ್ಟಿಸುವುದೆಂಬುದನ್ನು ನೆನೆದರೆ, ಈ ಕಾರ್ಯವು ಎಷ್ಟರಮಟ್ಟಿಗೆ ಆರೋಗ್ಯದ ಕಾರ್ಯವೂ ಹೌದೆಂಬುದು ಮನದಟ್ಟಾಗುತ್ತದೆ.

ಆದರೂ ಕಷ್ಟಗಳಿವೆ. ಹುಲ್ಲು ಹಗುರ, ಅದು ಸಾವಿರಾರು ಹೊಲಗಳಲ್ಲಿ ಚದುರಿಬಿದ್ದಿದೆ. ಸುಗ್ಗಿಯ ಕೆಲವೇ ವಾರಗಳಲ್ಲಿ ಅದನ್ನು ಕೂಡಿಸಿ, ಕಟ್ಟಿ, ಮಳೆಯಿಂದ ರಕ್ಷಿಸಿ ವರ್ಷವಿಡೀ ಒದಗಿಸಬೇಕು. ಹುಲ್ಲಿನೊಡನೆ ಬರುವ ಮಣ್ಣು ಮರಳು ಯಂತ್ರವನ್ನು ಸವೆಸುತ್ತವೆ. ಕಿಣ್ವಗಳಿಗೆ ಬೆಲೆ ಹೆಚ್ಚು. ದನಕರುಗಳ ಮೇವಿಗೂ ಹೊಲದ ಗೊಬ್ಬರಕ್ಕೂ ಬೇಕಾದುದನ್ನು ಬಿಟ್ಟು ಮಿಕ್ಕುದನ್ನಷ್ಟೇ ತೆಗೆದುಕೊಳ್ಳುವ ವಿವೇಕವೂ ಬೇಕು.

ಆಕಾಶಮಾರ್ಗದಲ್ಲಿ

ಕಾರು ಬಸ್ಸುಗಳನ್ನು ವಿದ್ಯುತ್ತಿನಿಂದ ನಡೆಸಬಹುದು. ಆದರೆ ನೂರಾರು ಜನರನ್ನು ಹೊತ್ತು ಸಾವಿರಾರು ಮೈಲಿ ಹಾರುವ ವಿಮಾನಕ್ಕೆ ಬ್ಯಾಟರಿಯ ಭಾರವು ಅತಿಯಾಗುತ್ತದೆ. ಎಥನಾಲನ್ನು ಹಾಗೆಯೇ ತುಂಬಿಸುವಂತೆಯೂ ಇಲ್ಲ; ಅದು ನೀರನ್ನು ಹೀರುತ್ತದೆ, ಶಕ್ತಿಯೂ ಕಡಿಮೆ. ಆದುದರಿಂದ ಮದ್ಯಸಾರದಿಂದ ನೀರಿನಂಶವನ್ನು ತೆಗೆದು, ಉಳಿದ ಚಿಕ್ಕ ಅಣುಗಳನ್ನು ಸರಪಳಿಯಂತೆ ಜೋಡಿಸಿ, ಜಲಜನಕವನ್ನು ಸೇರಿಸಿ ವಿಮಾನದ ಸೀಮೆಎಣ್ಣೆಗೆ ಸಮನಾದ ಇಂಧನವನ್ನು ಪಡೆಯುತ್ತಾರೆ. ಅದು ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೆಪ್ಪುಗಟ್ಟಬಾರದು.

2023ರ ಮೇ 19ರಂದು ಪುಣೆಯಿಂದ ದಿಲ್ಲಿಗೆ ಹಾರಿದ ಅಂದಿನ ಏರ್‌ಏಷ್ಯಾ ಇಂಡಿಯಾದ ವಿಮಾನವೊಂದು, ಪ್ರಾಜ್ ಮತ್ತು ಇಂಡಿಯನ್ ಆಯಿಲ್ ಸಂಸ್ಥೆಗಳು ಸೇರಿ ಸ್ವದೇಶೀ ಕಚ್ಚಾವಸ್ತುವಿನಿಂದ ಸಿದ್ಧಪಡಿಸಿದ ಇಂಧನವನ್ನು ಮಿಶ್ರ ಮಾಡಿಕೊಂಡು ಪ್ರಯಾಣಿಕರನ್ನು ಸಾಗಿಸಿತು. ನಮ್ಮ ದೇಶದಲ್ಲಿ ಅಂಥ ಪ್ರಯಾಣಿಕ ಸಂಚಾರವು ಅದೇ ಮೊದಲು. ಮಿಶ್ರಣದ ಪ್ರಮಾಣವು ಅತ್ಯಲ್ಪವಾಗಿತ್ತು. ಆದರೆ ದಾರಿಯು ತೆರೆಯಿತು. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಇಂಥ ಇಂಧನವನ್ನು 2027ರಲ್ಲಿ ಶೇ. 1, 2028ರಲ್ಲಿ ಶೇ. 2, 2030ರಲ್ಲಿ ಶೇ. 5ರಷ್ಟು ಬೆರೆಸಬೇಕೆಂಬ ಗುರಿಯನ್ನು ಭಾರತವು ಇರಿಸಿಕೊಂಡಿದೆ. ಈ ಇಂಧನವು ಉರಿಯುವಾಗ ಮಸಿಯೂ ಕಡಿಮೆ. ವಿಮಾನ ನಿಲ್ದಾಣದ ನೆರೆಹೊರೆಯವರಿಗೆ ಅದೊಂದು ಉಪಕಾರ.

ಬೇರ್ಪಡಿಸುವ ಕೈಗಳು

ಇಷ್ಟೆಲ್ಲ ಯಂತ್ರಗಳ ಕೀಲಿಕೈ ಎಲ್ಲಿದೆ? ಆಶ್ಚರ್ಯವೆನಿಸಿದರೂ ಅದು ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿದೆ. ಅನ್ನದ ಜೊತೆ ಪ್ಲಾಸ್ಟಿಕ್ ಚೀಲ, ಬ್ಲೇಡು, ಔಷಧದ ಶೀಷೆಗಳು ಬೆರೆತರೆ ಯಾವ ಸೂಕ್ಷ್ಮಾಣುವೂ ಅದನ್ನು ಜೀರ್ಣಿಸಲಾರದು. ಹಾಗೆ ಬೆರೆತುದನ್ನು ಬೇರ್ಪಡಿಸುವವರು ಕಸ ಆಯುವ ತಾಯಂದಿರು. ಗಾಜಿನ ಚೂರಿನಿಂದ ಅವರ ಬೆರಳು ಕೊಯ್ಯುತ್ತದೆ. ಬಳಸಿದ ಸೂಜಿಯು ಚುಚ್ಚಿದರೆ ಕಾಮಾಲೆಯಂಥ ರೋಗಗಳು ಅಂಟುತ್ತವೆ. ಪುಣೆಯ ಈ ಶ್ರಮಿಕರು 1993ರಲ್ಲಿ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘವನ್ನು ಕಟ್ಟಿಕೊಂಡರು. ಮುಂದೆ 'ಸ್ವಚ್ಛ' ಎಂಬ ಸಹಕಾರಿ ಸಂಸ್ಥೆಯ ಮೂಲಕ ಮನೆಮನೆಯಿಂದ ಹಸಿ ಮತ್ತು ಒಣ ಕಸವನ್ನು ಬೇರೆಬೇರೆಯಾಗಿ ಸಂಗ್ರಹಿಸತೊಡಗಿದರು. ನಗರದ ಇಂಧನವು ಅವರ ಕೈಗಳ ಮೂಲಕವೇ ಹಾದುಬರುತ್ತದೆ.

ಆದುದರಿಂದ ಪ್ರತಿ ಗೃಹಸ್ಥರೂ ಪಾಲಿಸಬಹುದಾದ ಕೆಲವು ನಿಯಮಗಳು ಇಂತಿವೆ:

1. ಹಸಿ ಕಸಕ್ಕೂ ಒಣ ಕಸಕ್ಕೂ ಎರಡು ಬುಟ್ಟಿಗಳಿರಲಿ. ಹಸಿ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ ಹಾಗೆಯೇ ಕೊಡಬೇಕು.

2. ಸೂಜಿ, ಬ್ಲೇಡು, ಒಡೆದ ಗಾಜು, ಔಷಧಗಳು, ಶುಚಿತ್ವದ ಬಟ್ಟೆಗಳು ಇವನ್ನು ಕಾಗದದಲ್ಲಿ ದಪ್ಪಗೆ ಸುತ್ತಿ, ಗುರುತು ಮಾಡಿ ಪ್ರತ್ಯೇಕವಾಗಿ ಕೊಡಬೇಕು.

3. ವಸತಿ ಸಮುಚ್ಚಯ, ವಿದ್ಯಾರ್ಥಿನಿಲಯ, ಸಮಾರಂಭಗಳನ್ನು ನಡೆಸುವ ಸಂಸ್ಥೆಗಳು ಅನಿಲ ಸ್ಥಾವರದ ಬಗೆಗೆ ಗಂಭೀರವಾಗಿ ಆಲೋಚಿಸಬೇಕು. ಸ್ಥಾವರವನ್ನು ಕಟ್ಟುವ ಮೊದಲೇ ಅದನ್ನು ನಿತ್ಯ ನೋಡಿಕೊಳ್ಳುವವರು ಯಾರೆಂಬುದನ್ನು ನಿಶ್ಚಯಿಸಬೇಕು.

4. ಒಣ ಎಲೆ, ಕಸಗಳನ್ನು ಅಂಗಳದಲ್ಲಿಯೂ ಬೀದಿಯಲ್ಲಿಯೂ ಸುಡಬಾರದು. ಅದರ ಹೊಗೆಯು ಉಬ್ಬಸದವರಿಗೂ ಮಕ್ಕಳಿಗೂ ವಿಷಪ್ರಾಯ.

5. ಯಾವ ಇಂಧನವನ್ನು ಉರಿಸಿದರೂ ಅಡುಗೆಮನೆಯ ಕಿಟಕಿಯು ತೆರೆದಿರಲಿ.

6. ಎಲ್ಲಕ್ಕಿಂತ ಮಿಗಿಲಾಗಿ, ತಟ್ಟೆಯಲ್ಲಿ ಅನ್ನವನ್ನು ಬಿಡದಿರುವುದು ಲೇಸು. ಉಳಿದ ಅನ್ನದಿಂದ ಅನಿಲವು ಬರುವುದು ನಿಜ. ಆದರೆ ಆ ಅನ್ನವನ್ನು ಬೆಳೆಯಲು, ಬೇಯಿಸಲು ಶಕ್ತಿಯು ವ್ಯಯವಾಗಿರುತ್ತದೆ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬುದು ನಮ್ಮ ಹಿರಿಯರ ನುಡಿ. ವಿಜ್ಞಾನಿಗಳು ಸೂಕ್ಷ್ಮಾಣುವಿನ ಹಸಿವನ್ನು ಅರಿತು ಕಸವನ್ನು ಉರಿಯನ್ನಾಗಿ ಮಾಡುವ ವಿದ್ಯೆಯನ್ನು ಕೈಗೆ ಕೊಟ್ಟಿದ್ದಾರೆ. ಯಂತ್ರಶಿಲ್ಪಿಗಳು ಅದನ್ನು ಟ್ಯಾಂಕಿನಿಂದ ವಿಮಾನದವರೆಗೆ ಏರಿಸಿದ್ದಾರೆ. ಆ ವಿದ್ಯೆಯು ಇನ್ನೂ ಹೆಚ್ಚು ಮನೆಗಳನ್ನು ತಲುಪಿ ನಗರದ ಗಾಳಿಯನ್ನು ತಿಳಿಗೊಳಿಸುವುದು, ಪ್ರತಿ ಮನೆಯಲ್ಲಿ ಮುಸುರೆಯನ್ನು ಬೇರೆಯಾಗಿ ಎತ್ತಿಡುವ ಎರಡು ನಿಮಿಷಗಳ ಶ್ರಮವನ್ನೇ ಅವಲಂಬಿಸಿದೆ.